ಮುರಿದ ಸೊಂಟಕ್ಕೂ ಒಂದು ಬಾಣಂತನ

ಬಚ್ಚಲಲ್ಲಿ ಜಾರಿ ಬಿದ್ದರು, ಆಪರೇಷನ್ ಚೆನ್ನಾಗಿಯೇ ಆಯಿತು, ಆಮೇಲೆ ಏಳಲೇ ಇಲ್ಲ. ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ಎಪ್ಪತ್ತು ದಾಟಿದವರ ಸಾವಿನ ಸುದ್ದಿ ಎಷ್ಟೋ ಸಲ ಬರುವುದು ಈ ಮೂರು ಮಾತುಗಳಲ್ಲೇ. ಬಿದ್ದದ್ದು ಏಕೆ ಎಂದು ಕಾರಣ ಹುಡುಕುತ್ತೇವೆ: ಪಾಚಿ ಕಟ್ಟಿದ ಕಲ್ಲು, ಮಂಜಾದ ಕಣ್ಣು, ಬಿ.ಪಿ. ಮಾತ್ರೆ. ಆಪರೇಷನ್ ಹೇಗಾಗಿದೆ ಎಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಆದರೆ ಎರಡನೆಯ ಮಾತಿಗೂ ಮೂರನೆಯದಕ್ಕೂ ನಡುವೆ ಹಾದುಹೋದ ವಾರಗಳಲ್ಲಿ ಆ ಜೀವ ಏನು ಉಂಡಿತು, ಎಷ್ಟು ಉಂಡಿತು ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಚೇತರಿಕೆ ಸೋಲುವುದು ಬಹಳ ಸಲ ಆ ಲೆಕ್ಕವಿಲ್ಲದ ವಾರಗಳಲ್ಲೇ ಎಂಬುದು ನನ್ನ ವಾದ. ಸೊಂಟದ ಶಸ್ತ್ರಚಿಕಿತ್ಸೆಯಾದ ವೃದ್ಧರಿಗೆ ಊಟವೂ ಔಷಧಿಯಷ್ಟೇ ಎಣಿಸಿ ಕೊಡಬೇಕಾದ ಚಿಕಿತ್ಸೆ. ಅದಕ್ಕೆ ಬೇಕಾದ ಪದಾರ್ಥಗಳೂ ತಿಳಿವಳಿಕೆಯೂ ಈ ಸೀಮೆಯಲ್ಲೇ ಇವೆ. ಬಾಣಂತಿಯ ಕೋಣೆಯಲ್ಲಿ ತಲೆಮಾರುಗಳಿಂದ ನಡೆದು ಬಂದದ್ದನ್ನು ಅಜ್ಜಿಯ ಮಂಚದವರೆಗೆ ತರುವುದಷ್ಟೇ ಬಾಕಿ.

ಸೊಂಟ ಮುರಿಯಿತು ಎಂದು ನಾವು ಹೇಳುವಾಗ ಮುರಿದಿರುವುದು ಸಾಮಾನ್ಯವಾಗಿ ತೊಡೆಮೂಳೆಯ ಮೇಲ್ತುದಿ. ಸೊಂಟದ ಗುಳಿಯಲ್ಲಿ ಕೂರುವ ಗುಂಡಿನ ಕೆಳಗಿನ ಕತ್ತು ಮುರಿದರೆ ಹಲವರಿಗೆ ಆ ಗುಂಡನ್ನೇ ಬದಲಿಸುತ್ತಾರೆ. ಇನ್ನೂ ತುಸು ಕೆಳಗೆ ಮುರಿದರೆ ರಾಡು, ಸ್ಕ್ರೂ ಹಾಕಿ ಹಿಡಿಸುತ್ತಾರೆ. ಕಟ್ಟು ಕಟ್ಟಿಸಿ ಮಲಗಿಸಿದರೆ ಸರಿಹೋಗುವ ಮುರಿತ ಇದಲ್ಲ. ನಾಟಿ ಕಟ್ಟಿಗಾಗಿ ಕಳೆಯುವ ಒಂದೊಂದು ದಿನವೂ ನಷ್ಟದ್ದೇ. ಬೇರೆ ಬೇರೆ ದೇಶಗಳ ಲೆಕ್ಕಗಳನ್ನು ನೋಡಿದರೆ, ಹೀಗೆ ಬಿದ್ದ ವೃದ್ಧರಲ್ಲಿ ಐವರಿಗೆ ಒಬ್ಬರಿಂದ ಹಿಡಿದು ಮೂವರಿಗೆ ಒಬ್ಬರವರೆಗೆ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಅರ್ಧದಷ್ಟು ಜನರಿಗೆ ಮೊದಲಿನ ನಡಿಗೆ ಮರಳುವುದಿಲ್ಲ. ಹರಿಯಾಣದ ರೋಹ್ತಕ್ ಜಿಲ್ಲೆಯಲ್ಲಿ ನಡೆದ ಅಧ್ಯಯನವೊಂದು, ಐವತ್ತು ದಾಟಿದ ಲಕ್ಷ ಜನರಲ್ಲಿ ವರ್ಷಕ್ಕೆ 129 ಮಂದಿಗೆ ಈ ಮುರಿತ ಆಗುತ್ತದೆಂದು ಕಂಡುಕೊಂಡಿತು. ಹೆಂಗಸರಲ್ಲಿ ಅದು 159, ಗಂಡಸರಲ್ಲಿ 105. ಅದೇ ಪ್ರಮಾಣವನ್ನು ಸುಮಾರು ಮೂರು ಲಕ್ಷ ಜನರಿರುವ ಅರಸೀಕೆರೆ ತಾಲ್ಲೂಕಿಗೆ ಹಾಕಿ, ಐವತ್ತು ದಾಟಿದವರು ಐದರಲ್ಲೊಂದು ಪಾಲು ಎಂದಿಟ್ಟುಕೊಂಡರೆ, ವರ್ಷಕ್ಕೆ ಎಪ್ಪತ್ತೈದರಿಂದ ಎಂಬತ್ತು ಮಂದಿ ಎಂದಾಯಿತು. ಇದು ಅಂದಾಜು ಮಾತ್ರ. ಆದರೂ ಈ ಸಂಖ್ಯೆಯನ್ನು ನೆನಪಿಡಬೇಕು, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಮೂಳೆ ಮುರಿದ ಗಳಿಗೆಯಿಂದ ದೇಹ ತನ್ನನ್ನೇ ಉಣ್ಣಲು ಶುರುಮಾಡುತ್ತದೆ. ಗಾಯ ಮಾಯಿಸಲು, ರಕ್ತ ತುಂಬಿಕೊಳ್ಳಲು, ಸೋಂಕು ತಡೆಯಲು ಬೇಕಾದ ಪ್ರೊಟೀನು ತಟ್ಟೆಯಿಂದ ಬರದಿದ್ದರೆ ತೊಡೆ, ತೋಳುಗಳ ಮಾಂಸಖಂಡ ಕರಗಿಸಿ ತೆಗೆದುಕೊಳ್ಳುತ್ತದೆ. ಮಲಗಿರುವುದೇ ಇದಕ್ಕೆ ಇನ್ನೊಂದು ಏಟು. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದಾಗ, ಕಾಲುಗಳಿಂದಲೇ ಸರಾಸರಿ ಒಂದು ಕೆ.ಜಿ.ಯಷ್ಟು ಮಾಂಸಖಂಡ ಇಳಿದಿತ್ತು. ಅವರಿಗೆ ಮುರಿತವೂ ಇರಲಿಲ್ಲ, ನೋವೂ ಇರಲಿಲ್ಲ, ಊಟಕ್ಕೆ ಕೊರತೆಯೂ ಇರಲಿಲ್ಲ. ಮೊದಲೇ ಸಣಕಲಾದ ಮುದುಕಿಯ ಗತಿ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಆರೋಗ್ಯವಾಗಿರುವ ವಯಸ್ಕರಿಗೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೊಟೀನು ಸಾಕೆಂದು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಕಾಯಿಲೆ, ಗಾಯಗಳಿಂದ ಚೇತರಿಸಿಕೊಳ್ಳುವ ವೃದ್ಧರಿಗೆ 1.2ರಿಂದ 1.5 ಗ್ರಾಂ ಬೇಕೆಂಬುದು ಇಂದಿನ ತಜ್ಞರ ಸಲಹೆ. ಅಂದರೆ ಐವತ್ತು ಕೆ.ಜಿ. ತೂಗುವ ಅಜ್ಜಿಗೆ ದಿನಕ್ಕೆ ಕನಿಷ್ಠ 60 ಗ್ರಾಂ. ಈಗ ಆಸ್ಪತ್ರೆಯ ಮಂಚದ ಪಕ್ಕದ ಊಟವನ್ನು ಲೆಕ್ಕ ಹಾಕಿ. ಎರಡು ಹೊತ್ತು ರವೆ ಗಂಜಿ, ಕಾಫಿಯಲ್ಲಿ ಅದ್ದಿದ ನಾಲ್ಕು ಚೂರು ಬ್ರೆಡ್ಡು, ಮಧ್ಯಾಹ್ನ ತಿಳಿಸಾರು ಅನ್ನ, ಮಲಗುವಾಗ ಅರ್ಧ ಲೋಟ ಹಾಲು. ಎಲ್ಲ ಕೂಡಿಸಿದರೂ 25 ಗ್ರಾಂ ಆಸುಪಾಸು. ನೋಡಲು ಬಂದವರು ತಂದ ಎಳನೀರಿನಲ್ಲಿ ನೀರು, ಲವಣ ಇವೆ. ಪ್ರೊಟೀನು ಇಲ್ಲವೇ ಇಲ್ಲ ಎನ್ನಬಹುದು. ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಿ ಪ್ರೀತಿಯಿಂದ ತರುವುದು ಅದನ್ನೇ. ಅದರಿಂದ ಹೊಟ್ಟೆ ತುಂಬುತ್ತದೆ, ಮುಂದಿನ ಊಟ ಕಡಿಮೆಯಾಗುತ್ತದೆ.

ಇಷ್ಟು ಕಡಿಮೆ ಊಟಕ್ಕೆ ಬಡತನವೊಂದೇ ಕಾರಣ ಎಂದರೆ ವಿಷಯ ಅರ್ಥವಾಗಲಿಲ್ಲ ಎಂದೇ ಅರ್ಥ. ಕೊರತೆ ಬೀಳುವುದಕ್ಕೂ ಮೊದಲೇ ಶುರುವಾಗಿರುತ್ತದೆ. ಮಕ್ಕಳು ಬೆಂಗಳೂರು ಸೇರಿದ ಮನೆಯಲ್ಲಿ ಒಬ್ಬರಿಗಾಗಿ ಒಲೆ ಹಚ್ಚುವುದೇಕೆಂದು ನಿನ್ನೆಯ ಸಾರನ್ನೇ ಬಿಸಿ ಮಾಡಿಕೊಳ್ಳುವುದು, ತುಂಬಿದ ಮನೆಯಲ್ಲಿ ಎಲ್ಲರದ್ದೂ ಆದಮೇಲೆ ಕೂರುವುದು, ಕರೆದ ಹಾಲೆಲ್ಲ ಡೇರಿಗೆ ಹೋಗಿ ಕಾಫಿಗೆ ಬೇಕಾದಷ್ಟು ಮಾತ್ರ ಉಳಿಯುವುದು, ಹಲ್ಲಿಲ್ಲದ ಬಾಯಿಗೆ ಕಾಳು ಸಿಕ್ಕದೆ ಬರೀ ಸಾರಿನಲ್ಲಿ ಮುದ್ದೆ ನುಂಗುವುದು. ಬಿದ್ದಮೇಲೆ ಇನ್ನಷ್ಟು ಸೇರಿಕೊಳ್ಳುತ್ತವೆ. ಬೇಲೂರಿನಿಂದಾಗಲಿ ಅರಸೀಕೆರೆಯಿಂದಾಗಲಿ ಹಾಸನ ನಲವತ್ತು ಕಿ.ಮೀ. ಆಸುಪಾಸು, ಊರಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಹಾಸನ, ಪರೀಕ್ಷೆ, ರಕ್ತ, ಹೃದಯದ ತಪಾಸಣೆ ಎನ್ನುವಷ್ಟರಲ್ಲಿ ಎರಡು ಮೂರು ದಿನ ಸರಿಯಾದ ಊಟವೇ ಇರುವುದಿಲ್ಲ. ರಾತ್ರಿಯಿಂದ ಏನೂ ಕೊಡಬೇಡಿ ಎನ್ನುತ್ತಾರೆ. ಮರುದಿನ ಸರದಿ ಬರದಿದ್ದರೆ ಮತ್ತೊಂದು ರಾತ್ರಿ ಉಪವಾಸ. ಅರಿವಳಿಕೆಗೆ ಆರು ಗಂಟೆ ಮೊದಲಿನವರೆಗೆ ಲಘು ಆಹಾರವನ್ನೂ ಎರಡು ಗಂಟೆ ಮೊದಲಿನವರೆಗೆ ತಿಳಿ ನೀರನ್ನೂ ಕೊಡಬಹುದೆಂಬುದು ಅರಿವಳಿಕೆ ತಜ್ಞರೇ ಒಪ್ಪಿರುವ ಸಾಮಾನ್ಯ ನಿಯಮ. ಆಪರೇಷನ್ ಆದಮೇಲೆ ನೋವಿನ ಮದ್ದಿನಿಂದ ಮಲಬದ್ಧತೆ, ಓಕರಿಕೆ, ಮಂಕು. ಎಲ್ಲಕ್ಕಿಂತ ದೊಡ್ಡದು ಹೆಂಗಸರು ಬಾಯಿಬಿಟ್ಟು ಹೇಳದ ಒಂದು ಸಂಕೋಚ: ಉಂಡರೆ, ಕುಡಿದರೆ ಬೆಡ್‌ಪ್ಯಾನ್ ಕೇಳಬೇಕು, ಮಗನ ಮುಂದೆ, ಸೊಸೆಯ ಮುಂದೆ. ಹಾಗಾಗಿ ಹಸಿವಿಲ್ಲ ಎನ್ನುತ್ತಾರೆ. ಈ ಹಸಿವಿಲ್ಲ ಎಂಬ ಮಾತನ್ನು ನಂಬಿ ತಟ್ಟೆ ಎತ್ತುವುದು ದೊಡ್ಡ ತಪ್ಪು.

ಇದರ ಮೇಲೆ ಬಂದು ಕೂರುವುದು ಪಥ್ಯ. ಗಾಯ ಇರುವವರಿಗೆ ಅವರೆಕಾಯಿ, ಬದನೆಕಾಯಿ, ಕಡಲೆ, ಕೆಲವು ಮನೆಗಳಲ್ಲಿ ಮೊಟ್ಟೆಯೂ ನಂಜು, ಕೀವಾಗುತ್ತದೆ ಎನ್ನುತ್ತಾರೆ. ಕಾಳೆಲ್ಲ ವಾಯು ಎನ್ನುತ್ತಾರೆ. ಗಾಯದಲ್ಲಿ ಕೀವಾಗುವುದು ರೋಗಾಣುಗಳಿಂದ. ಅವುಗಳ ವಿರುದ್ಧ ಹೋರಾಡುವ ಕಣಗಳು ತಯಾರಾಗುವುದು ಪ್ರೊಟೀನಿನಿಂದ. ನಂಜೆಂದು ದೂರವಿಟ್ಟ ಪದಾರ್ಥಗಳಲ್ಲಿ ಹೆಚ್ಚಿನವು ಗಾಯ ಮಾಯಿಸುವ ಪದಾರ್ಥಗಳೇ. ಹಾಗೆಂದು ಹಿರಿಯರ ತಿಳಿವಳಿಕೆಯನ್ನೆಲ್ಲ ತಳ್ಳಿಹಾಕುವ ಅಗತ್ಯವಿಲ್ಲ, ಏಕೆಂದರೆ ಅದೇ ಹಿರಿಯರು ಬಾಣಂತಿಯ ವಿಷಯದಲ್ಲಿ ಬೇರೆಯೇ ದಾರಿ ಹಿಡಿದಿದ್ದಾರೆ. ರಕ್ತ ಕಳೆದುಕೊಂಡು ಸುಸ್ತಾದ ದೇಹವನ್ನು ಗಂಜಿಯ ಮೇಲೆ ಬಿಡಬಾರದು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಕೊಬ್ಬರಿ, ಉತ್ತುತ್ತೆ, ಅಂಟು, ಬೆಲ್ಲ, ತುಪ್ಪ ಹಾಕಿ ಉಂಡೆ ಕಟ್ಟಿದರು. ಮಾಂಸ ತಿನ್ನುವ ಮನೆಗಳಲ್ಲಿ ನಾಟಿಕೋಳಿ ಸಾರು ಮಾಡಿದರು. ಬೇಡವೆಂದರೂ ಕೂತು ತಿನ್ನಿಸಿದರು. ತಿಂಗಳುಗಟ್ಟಲೆ ಒಬ್ಬರು ಜೊತೆಗಿದ್ದರು. ಬಾಣಂತನದಲ್ಲೂ ನೀರು ಕಡಿಮೆ ಕೊಡುವಂಥ ತಪ್ಪುಗಳು ಇದ್ದವು, ನಿಜ. ಆದರೆ ಅದರ ತಿರುಳು ಸರಿಯಾಗಿತ್ತು: ದೊಡ್ಡ ಪೆಟ್ಟಿನಿಂದ ಎದ್ದವರಿಗೆ ಮೊದಲಿಗಿಂತ ಹೆಚ್ಚು ಉಣ್ಣಿಸಬೇಕು, ಅದನ್ನು ಇನ್ನೊಬ್ಬರು ಹೊಣೆ ಹೊತ್ತು ಮಾಡಬೇಕು. ಎಪ್ಪತ್ತೈದರ ಅಜ್ಜಿಗೆ ಸೊಂಟದ ಆಪರೇಷನ್ ಹೆರಿಗೆಗಿಂತ ಸಣ್ಣ ಪೆಟ್ಟಲ್ಲ. ಅವಳಿಗೆ ಮಾತ್ರ ಈ ನಿಯಮ ಏಕೆ ತಪ್ಪಿತು?

ಉಣ್ಣಿಸಿದರೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದ್ದಾರೆ. 1990ರಲ್ಲಿ ಸ್ವಿಟ್ಜರ್‌ಲೆಂಡಿನ ಜಿನೀವಾದ ವೈದ್ಯರು ತೊಡೆಮೂಳೆಯ ಕತ್ತು ಮುರಿದ 59 ವೃದ್ಧರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಆಸ್ಪತ್ರೆಯ ಊಟವೇ; ಒಂದು ಗುಂಪಿಗೆ ಮಾತ್ರ ದಿನಕ್ಕೆ ಕಾಲು ಲೀಟರ್ ಪಾನೀಯ ಹೆಚ್ಚುವರಿ, ಅದರಲ್ಲಿ 20 ಗ್ರಾಂ ಪ್ರೊಟೀನು, 254 ಕ್ಯಾಲೊರಿ. ಪಾನೀಯ ಕುಡಿದವರು ಮಧ್ಯಂಕದ ಲೆಕ್ಕದಲ್ಲಿ 24 ದಿನಕ್ಕೆ ಮನೆಗೆ ಹೋದರು, ಉಳಿದವರಿಗೆ 40 ದಿನ ಹಿಡಿಯಿತು. ಆರು ತಿಂಗಳಲ್ಲಿ ತೊಂದರೆ ಅಥವಾ ಸಾವು ಕಂಡವರು ಒಂದು ಕಡೆ ನೂರಕ್ಕೆ 40, ಇನ್ನೊಂದು ಕಡೆ 74. ಅದೇ ಊರಿನವರು 1998ರಲ್ಲಿ 82 ಜನರ ಮೇಲೆ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಆರು ತಿಂಗಳು ದಿನಕ್ಕೆ 20 ಗ್ರಾಂ ಪ್ರೊಟೀನು ಸಿಕ್ಕವರ ತೊಡೆಮೂಳೆಯ ಸವೆತ ಕಡಿಮೆಯಾಗಿತ್ತು, ಪುನಶ್ಚೇತನ ಆಸ್ಪತ್ರೆಯ ವಾಸ ಮೂರು ವಾರ ತಗ್ಗಿತ್ತು. ನನ್ನ ಮಟ್ಟಿಗೆ ಇವೆರಡಕ್ಕಿಂತ ಮುಖ್ಯವಾದದ್ದು ಬ್ರಿಟನ್ನಿನ ಕಾರ್ಡಿಫ್‌ನಿಂದ 2006ರಲ್ಲಿ ಬಂದ ವರದಿ. ಅಲ್ಲಿ ಸೊಂಟ ಮುರಿದ ಮುನ್ನೂರರಷ್ಟು ವೃದ್ಧೆಯರಲ್ಲಿ ಅರ್ಧದಷ್ಟು ಜನರಿಗೆ ಊಟದ ಸಹಾಯಕಿಯರನ್ನು ಕೊಟ್ಟರು. ಏನು ಬೇಕೆಂದು ಕೇಳುವುದು, ತಟ್ಟೆಯನ್ನು ಕೈಗೆಟುಕುವಂತೆ ಇಡುವುದು, ಚೂರು ಮಾಡಿಕೊಡುವುದು, ಕೈಲಾಗದವರಿಗೆ ತಿನ್ನಿಸುವುದು ಅವರ ಕೆಲಸ. ಸಹಾಯ ಸಿಕ್ಕವರು ದಿನಕ್ಕೆ 1105 ಕ್ಯಾಲೊರಿ ಉಂಡರು, ಸಿಗದವರು 756. ನಾಲ್ಕು ತಿಂಗಳಲ್ಲಿ ತೀರಿಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 13, ಎರಡನೆಯದರಲ್ಲಿ 23. ಅಲ್ಲಿ ಸಂಬಳ ಕೊಟ್ಟು ನೇಮಿಸಬೇಕಾದ ಆ ಸಹಾಯಕಿ ನಮ್ಮ ಆಸ್ಪತ್ರೆಗಳಲ್ಲಿ ಮಂಚದ ಪಕ್ಕದ ಚಾಪೆಯ ಮೇಲೆ ಮೊದಲೇ ಕೂತಿದ್ದಾಳೆ. ಅವಳು ಮಗಳು, ಸೊಸೆ, ತಂಗಿ. ಏನು ಉಣ್ಣಿಸಬೇಕು, ಎಷ್ಟು ಉಣ್ಣಿಸಬೇಕು ಎಂದು ಅವಳಿಗೆ ಹೇಳಿದವರಿಲ್ಲ, ಅಷ್ಟೇ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಈ ವಿಷಯದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದ ಕಾಕ್ರೇನ್ ಸಂಸ್ಥೆಯ 2016ರ ಸಮೀಕ್ಷೆ, 41 ಪ್ರಯೋಗಗಳ 3881 ರೋಗಿಗಳನ್ನು ನೋಡಿ, ಪೌಷ್ಟಿಕ ಪಾನೀಯಗಳು ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳನ್ನು ತಗ್ಗಿಸಬಹುದು, ಆದರೆ ಸಾವು ತಗ್ಗಿಸುತ್ತವೆ ಎನ್ನಲು ಸ್ಪಷ್ಟ ಆಧಾರವಿಲ್ಲ, ಇರುವ ಆಧಾರವೂ ಕೆಳದರ್ಜೆಯದು ಎಂದಿತು. ಈ ಮಾತನ್ನು ಮುಚ್ಚಿಟ್ಟು ವಾದ ಮಾಡುವುದು ಸರಿಯಲ್ಲ. ಜಿನೀವಾದ ಗುಂಪುಗಳು ಚಿಕ್ಕವು. ಕಾರ್ಡಿಫ್‌ನ ವ್ಯತ್ಯಾಸವೂ ಒಂದೇ ಆಸ್ಪತ್ರೆಯದು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಆ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದದ್ದು ಹಾಲು, ಮಾಂಸ, ಮೊಟ್ಟೆ ತಟ್ಟೆಗೆ ಬರುವ ದೇಶಗಳಲ್ಲಿ. ಅರ್ಧ ತುಂಬಿದ ಪಾತ್ರೆಗೆ ಒಂದು ಲೋಟ ಸುರಿದಾಗ ಕಾಣುವ ಏರಿಕೆಗೂ ತಳ ಕಂಡ ಪಾತ್ರೆಗೆ ಸುರಿದಾಗ ಕಾಣುವುದಕ್ಕೂ ವ್ಯತ್ಯಾಸ ಇರುತ್ತದೆ. ಎರಡನೆಯದಾಗಿ, ಹಾಸಿಗೆ ಹುಣ್ಣು, ಕಫ ಕಟ್ಟುವುದು, ಮೂತ್ರದ ಸೋಂಕು ಇವನ್ನು ತೊಂದರೆ ಎಂಬ ಒಂದು ಪದದಲ್ಲಿ ಹೇಳಿ ಮುಗಿಸಬಹುದು. ಬೆನ್ನಿನಲ್ಲಿ ಹುಣ್ಣಾದ ಮುದುಕಿಯನ್ನು ದಿನಕ್ಕೆ ಹತ್ತು ಸಲ ಮಗ್ಗುಲು ಬದಲಿಸುವ ಮನೆಯವರಿಗೆ ಅದು ಸಣ್ಣ ವಿಷಯವಲ್ಲ. ಸಾವು ತಗ್ಗದಿದ್ದರೂ ಅಷ್ಟು ಸಂಕಟ ತಗ್ಗುವುದಾದರೆ ಉಣ್ಣಿಸಲು ಅದೇ ಸಾಕಾದ ಕಾರಣ.

ಆ ಪಾನೀಯವನ್ನು ಡಬ್ಬಿಯಲ್ಲೇ ಕೊಳ್ಳಬೇಕೆಂದಿಲ್ಲ. ಕಾಲು ಲೀಟರ್ ಹಾಲಿಗೆ ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಹುರಿಗಡಲೆ ಹಿಟ್ಟು, 20 ಗ್ರಾಂ ರಾಗಿ ಹುರಿಹಿಟ್ಟು, ಚೂರು ಬೆಲ್ಲ ಹಾಕಿ ಕದಡಿದರೆ 16 ಗ್ರಾಂನಷ್ಟು ಪ್ರೊಟೀನು, 350 ಕ್ಯಾಲೊರಿಗೆ ಮೇಲೆ. ಜೊತೆಗೊಂದು ಬೇಯಿಸಿದ ಮೊಟ್ಟೆ ಕೊಟ್ಟರೆ 22 ಗ್ರಾಂ; ಜಿನೀವಾದ ಪ್ರಮಾಣವನ್ನು ದಾಟಿದಂತಾಯಿತು. ಹಲ್ಲು ಬೇಕಿಲ್ಲ, ಒಲೆಯೂ ಬೇಕಿಲ್ಲ, ಆಸ್ಪತ್ರೆಯ ವಾರ್ಡಿನಲ್ಲೇ ಕದಡಬಹುದು. ಮೊಟ್ಟೆ ಮುಟ್ಟದ ಮನೆಗಳಲ್ಲಿ ಆ ಜಾಗಕ್ಕೆ ಗಟ್ಟಿ ಮೊಸರು, ಕಡಲೆಬೀಜದ ಪುಡಿ ಬರಲಿ. ಬಯಲು ಸೀಮೆಯ ಅರಸೀಕೆರೆಗೆ ರಾಗಿ, ಹುರುಳಿ, ಅವರೆ, ಅಲಸಂದೆ ಮನೆಯ ಬೆಳೆಗಳು. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂನಷ್ಟು ಪ್ರೊಟೀನು ಇದೆ. ಆದರೆ ಬಸ್ಸಾರು ಮಾಡುವಾಗ ಕಟ್ಟು ಬಸಿದು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಹಲ್ಲಿಲ್ಲದವರ ತಟ್ಟೆಗೆ ಬರುವುದು ಸಾರು ಮಾತ್ರ, ಪ್ರೊಟೀನಿನ ಬಹುಪಾಲು ಉಳಿಯುವುದು ಪಲ್ಯದಲ್ಲಿ. ಆ ಕಾಳನ್ನೇ ಅರೆದು ಸಾರಿಗೆ ಸೇರಿಸಿದರೆ ಮುದ್ದೆಯ ಜೊತೆ ಅಗಿಯದೆಯೇ ಇಳಿಯುತ್ತದೆ. ಹಿತಕಿದ ಅವರೆಬೇಳೆಯೂ ಹಾಗೆಯೇ, ಬೆಣ್ಣೆಯಂತೆ ಬೇಯುತ್ತದೆ. ಬೇಲೂರಿನ ಕಡೆ ಮಲೆನಾಡು ಹತ್ತಿರವಾದಂತೆ ಅನ್ನ, ಅಕ್ಕಿರೊಟ್ಟಿ, ಕಡುಬಿನ ಊಟ ಹೆಚ್ಚು. ಅಲ್ಲಿ ಸುಣ್ಣಾಂಶದ ಕೊರತೆಯನ್ನು ಹಾಲು ಮೊಸರಿನಿಂದ ತುಂಬಬೇಕು, ಏಕೆಂದರೆ ರಾಗಿಯ ನೂರು ಗ್ರಾಂನಲ್ಲಿ 350 ಮಿ.ಗ್ರಾಂ ದಾಟುವ ಸುಣ್ಣಾಂಶ ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿ.ಗ್ರಾಂ ಕೂಡ ಇಲ್ಲ. ಮೂಳೆ ಮುರಿದವರಿಗೆಂದು ಮಾಡುವ ಕಾಲು ಸೂಪಿನ ಬಗ್ಗೆಯೂ ಒಂದು ಮಾತು: ಮೂಳೆ ಬೇಯಿಸಿದ ನೀರಿಗೆ ಇಳಿಯುವ ಸುಣ್ಣ ತೀರಾ ಅಲ್ಪ. ಆಸೆಪಟ್ಟರೆ ಕುಡಿಯಲಿ, ಆದರೆ ಊಟದ ಬದಲಿಗೆ ಬೇಡ. ಮಾಂಸವನ್ನೇ ಮೆತ್ತಗೆ ಬೇಯಿಸಿ ಬಿಡಿಸಿ ಕೊಡಬೇಕು.

ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟಿದ್ದಾರಲ್ಲ, ಅದು ಸಾಲದೇ ಎಂದು ಕೇಳುವವರಿದ್ದಾರೆ. 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ 3270 ಮಹಿಳೆಯರಿಗೆ ಇವೆರಡನ್ನೂ ಕೊಟ್ಟು ನೋಡಿದಾಗ ಸೊಂಟದ ಮುರಿತ ಗಣನೀಯವಾಗಿ ಇಳಿಯಿತು. 2022ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಬಹುತೇಕ ಕೊರತೆಯಿಲ್ಲದ 25 ಸಾವಿರ ಜನರಿಗೆ ವಿಟಮಿನ್ ಡಿ ಮಾತ್ರ ಕೊಟ್ಟಾಗ ಮುರಿತ ತಗ್ಗಲಿಲ್ಲ. ಕೊರತೆ ಇದ್ದಲ್ಲಿ ಫಲ, ಇಲ್ಲದಲ್ಲಿ ಇಲ್ಲ. ನಮ್ಮ ವೃದ್ಧರಲ್ಲಿ ಕೊರತೆ ಸಾಮಾನ್ಯವಾದ್ದರಿಂದ ಮಾತ್ರೆ ಬೇಕು, ಆದರೆ ಸುಣ್ಣದಿಂದ ಮಾಂಸಖಂಡ ಬೆಳೆಯುವುದಿಲ್ಲ. 2021ರಲ್ಲಿ ಆಸ್ಟ್ರೇಲಿಯಾದ ಅರವತ್ತು ವೃದ್ಧಾಶ್ರಮಗಳಲ್ಲಿ ಅರ್ಧದಷ್ಟಕ್ಕೆ ಹಾಲು, ಮೊಸರು, ಚೀಸ್ ಹೆಚ್ಚಿಸಿ, ಸುಣ್ಣ ಪ್ರೊಟೀನು ಎರಡೂ ಒಟ್ಟಿಗೆ ಏರುವಂತೆ ಮಾಡಿದಾಗ ಸೊಂಟದ ಮುರಿತ ನೂರಕ್ಕೆ 46ರಷ್ಟು ತಗ್ಗಿತು. ಈ ಎರಡರಲ್ಲಿ ಮಾತ್ರೆಯಿಂದ ಬರುವುದು ಸುಣ್ಣವೊಂದೇ. ಹಾಲಿನಲ್ಲಿ ಎರಡೂ ಬರುತ್ತವೆ. ಮೂಳೆ ಗಟ್ಟಿ ಮಾಡುವ ಜೊಲೆಡ್ರೊನಿಕ್ ಆಮ್ಲದ ಚುಚ್ಚುಮದ್ದೂ ಇದೆ. ಮುರಿತದ ಶಸ್ತ್ರಚಿಕಿತ್ಸೆಯಾದ ತೊಂಬತ್ತು ದಿನಗಳೊಳಗೆ ಅದನ್ನು ಪಡೆದವರಲ್ಲಿ ಮತ್ತೊಂದು ಮುರಿತವೂ ಸಾವೂ ಕಡಿಮೆಯಾದದ್ದು 2007ರಲ್ಲೇ ಸಾಬೀತಾಗಿದೆ. ವೈದ್ಯರನ್ನು ಇದರ ಬಗ್ಗೆ ಕೇಳಬೇಕು. ಅದನ್ನು ಕೊಡುವ ಮೊದಲೂ ವಿಟಮಿನ್ ಡಿ, ಸುಣ್ಣ ಸರಿಪಡಿಸಿರಬೇಕು.

ಸಕ್ಕರೆ ಕಾಯಿಲೆಯವರಿಗೆ ಇಷ್ಟೆಲ್ಲ ಕೊಡಬಹುದೇ? ಅವರ ಸಕ್ಕರೆಯನ್ನು ಬೇಗ ಏರಿಸುವುದು ಗಂಜಿ, ಬ್ರೆಡ್ಡು, ಗ್ಲೂಕೋಸು. ಬೆಲ್ಲ ಬಿಟ್ಟು ಕಾಳು, ಮೊಟ್ಟೆ, ಮೊಸರು ಹೆಚ್ಚಿಸಿದರೆ ಅವರಿಗೂ ಒಳ್ಳೆಯದೇ. ಮೂತ್ರಪಿಂಡ ತೀವ್ರವಾಗಿ ಕೆಟ್ಟವರ ವಿಷಯ ಬೇರೆ, ಅವರ ಪ್ರೊಟೀನನ್ನು ವೈದ್ಯರೇ ನಿಗದಿ ಮಾಡಬೇಕು. ಅಂಥವರಿಗೆ ಪೊಟ್ಯಾಸಿಯಂ ತುಂಬಿದ ಎಳನೀರೂ ಅಪಾಯ. ವಾರಗಟ್ಟಲೆ ಏನೂ ತಿನ್ನದವರಿಗೆ ಒಮ್ಮೆಲೇ ತುಂಬಿಸದೆ ಕೆಲವು ದಿನಗಳಲ್ಲಿ ಮೆಲ್ಲಗೆ ಏರಿಸಬೇಕು. ಇಷ್ಟಾದ ಮೇಲೂ ಉಂಡು ಮಲಗಿದರೆ ಪೂರ್ತಿ ಪ್ರಯೋಜನವಿಲ್ಲ. ಪ್ರೊಟೀನು ಚೆನ್ನಾಗಿ ಮಾಂಸಖಂಡವಾಗುವುದು ಕಾಲು ಭಾರ ಹೊತ್ತಾಗ. ವೈದ್ಯರು ಒಪ್ಪಿದರೆ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಬೇಕು. ನಿಲ್ಲಲು ಬಂದರೆ ಬೆಡ್‌ಪ್ಯಾನಿನ ಸಂಕೋಚವೂ ಹೋಗುತ್ತದೆ, ಅದರ ಹಿಂದೆಯೇ ಹಸಿವು ಬರುತ್ತದೆ.

ಶಸ್ತ್ರಚಿಕಿತ್ಸೆಯ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೆರವಿದೆ. ಶಾಲೆಯ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲಿದೆ. ಬಸುರಿ ಬಾಣಂತಿಯರಿಗೆ 2017ರಿಂದ ಮಾತೃಪೂರ್ಣದ ಬಿಸಿಯೂಟವಿದೆ. ಬಾಣಂತನ ಮನೆಯ ಹೊಣೆ ಮಾತ್ರವಲ್ಲ ಎಂದು ಸರ್ಕಾರವೇ ಒಪ್ಪಿಕೊಂಡದ್ದು ಅದರಲ್ಲಿ. ಸೊಂಟದ ಆಪರೇಷನ್ ಆಗಿ ಮನೆಗೆ ಮರಳಿದ ವೃದ್ಧರ ತಟ್ಟೆಗೆ ಮಾತ್ರ ಅಂಥದ್ದೇನೂ ಇಲ್ಲ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಡುವ ಚೀಟಿಯಲ್ಲಿ ಮಾತ್ರೆಗಳ ಹೆಸರು, ಹೊತ್ತು ಬರೆದಂತೆ ಹಾಲೆಷ್ಟು, ಕಾಳೆಷ್ಟು, ಮೊಟ್ಟೆಯೆಷ್ಟು ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಯಾವ ಯೋಜನೆಯೂ ಬೇಕಿಲ್ಲ. ಅದು ಇಂದೇ ಆಗಬೇಕು. ಮನೆಗೆ ಬಂದಮೇಲೆ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ತೋಳಿನ ಸುತ್ತಳತೆಯನ್ನೋ ತೂಕವನ್ನೋ ನೋಡಲಿ. ಅಂಗನವಾಡಿಯಿಂದಲೋ ಹಾಲಿನ ಡೇರಿಯಿಂದಲೋ ಮೂರು ತಿಂಗಳ ಮಟ್ಟಿಗೆ ದಿನಕ್ಕೊಂದು ಮೊಟ್ಟೆ, ಕಾಲು ಲೀಟರ್ ಹಾಲು ಆ ಮನೆಗೆ ತಲುಪಲಿ. ಮೊದಲು ಹೇಳಿದ ಅಂದಾಜಿನ ಪ್ರಕಾರ ಅರಸೀಕೆರೆ ತಾಲ್ಲೂಕಿನಲ್ಲಿ ಇಂಥವರು ವರ್ಷಕ್ಕೆ ಎಂಬತ್ತು ಮಂದಿ. ಅಷ್ಟೂ ಜನರಿಗೆ ಇಡೀ ವರ್ಷಕ್ಕೆ ಬೇಕಾಗುವುದು 7,200 ಮೊಟ್ಟೆ, 1,800 ಲೀಟರ್ ಹಾಲು.